ಹಡಗು ಕಾಣಿಸಿದ ದಿನ

ನಮ್ಮ ಒಲಿಂಪಿಕ್ ಸಮಿತಿಗೆ ನಾನು ಕಾರ್ಯದರ್ಶಿಯಾದದ್ದು ನನ್ನ ಯೋಗ್ಯತೆಯಿಂದಲ್ಲ, ನನ್ನ ಮನೆ ಇರುವ ಜಾಗದಿಂದ. ದ್ವೀಪದ ನಟ್ಟನಡುವೆ, ಸಿಹಿನೀರಿನ ಬಾವಿಯ ಪಕ್ಕದಲ್ಲಿ, ಶಾಲೆಯ ಗೋಡೆಗೆ ಅಂಟಿಕೊಂಡಂತೆ ನನ್ನ ಮನೆಯಿದೆ. ನೀರಲ್ಲಿ ತೇಲುವ ನಮ್ಮ ದ್ವೀಪ ತಿರುಗುವಾಗ ದಂಡೆಯ ಮೇಲಿನ ಕೇರಿಗಳು ಒಂದೊಂದಾಗಿ ಸೂರ್ಯನ ಎದುರಿಗೆ ಬರುತ್ತವೆ, ಸರಿದು ಹೋಗುತ್ತವೆ. ನಡುವೆ ಇರುವವಳಿಗೆ ಬರುವುದೂ ಇಲ್ಲ, ಹೋಗುವುದೂ ಇಲ್ಲ. ಹಾಗಾಗಿ ಬದಲಾಗದ ಹುದ್ದೆಯೊಂದು ಬೇಕೆಂದಾಗ ಎಲ್ಲರೂ ನನ್ನ ಬಾಗಿಲಿಗೆ ಬಂದರು. ಬಂದವರು ಬರಿಗೈಯಲ್ಲಿ ಬರಬಾರದೆಂದು ಒಬ್ಬರು ಹಲಸಿನ ಹಪ್ಪಳ ತಂದಿದ್ದರು. ಹಪ್ಪಳ ತೆಗೆದುಕೊಂಡ ಮೇಲೆ ಬೇಡವೆನ್ನಲು ನನಗೆ ಬಾಯಿ ಬರಲಿಲ್ಲ.

ನಾನು ಸಮುದ್ರದಾಚೆಯ ದೊಡ್ಡ ನಾಡಿನ ಕಾಲೇಜಿನಲ್ಲಿ ಭೂಗೋಳ ಓದಿದವಳು. ಪದವಿ ಪಡೆದು ಮರಳಿ, ಮಕ್ಕಳಿಗೆ ದಿಕ್ಕುಗಳನ್ನು ಕಲಿಸಲು ನಿಂತ ಮೊದಲ ದಿನವೇ ಮುಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತು, "ಟೀಚರ್, ಬರೀಬೇಕಾದ್ದು ಇವತ್ತಿನ ಪೂರ್ವವೋ, ಪರೀಕ್ಷೆ ದಿನದ ಪೂರ್ವವೋ?" ಎಂದು ಕೇಳಿದಳು. ಅಂದಿನಿಂದ ನಾನು ಭೂಗೋಳ ಬಿಟ್ಟು ಲೆಕ್ಕ ಪಾಠ ಮಾಡಿದೆ.

ದ್ವೀಪ ಬಹಳ ನಿಧಾನವಾಗಿ ತಿರುಗುತ್ತದೆ. ಬಾವಿಯಲ್ಲಿ ಬಿದ್ದ ಹಲಸಿನ ಎಲೆ ತಿರುಗುವುದನ್ನು ನೋಡಿದವರಿಗೆ ಅದರ ಅಂದಾಜು ಸಿಗುತ್ತದೆ. ಒಂದು ಸುತ್ತಿಗೆ ಒಂದು ವರ್ಷಕ್ಕಿಂತ ಹೆಚ್ಚೇ ಬೇಕು. ಸಮುದ್ರದ ಸೆಳೆತ ನೋಡಿಕೊಂಡು ಕೆಲವೊಮ್ಮೆ ಬೇಗ, ಕೆಲವೊಮ್ಮೆ ತಡ. ಇದಕ್ಕೆ ಯಾರೂ ಹೆಚ್ಚು ತಲೆ ಕೆಡಿಸಿಕೊಳ್ಳುವುದಿಲ್ಲ. ಹೆರಿಗೆಯಾದ ಮನೆಯವರು ಮಗುವಿಗೆ ಎಳೆಬಿಸಿಲು ಕಾಯಿಸಲು ಆಗ ಯಾವ ಕೇರಿ ಸೂರ್ಯನ ಎದುರಿಗಿದೆಯೋ ಅಲ್ಲಿಗೆ ಹೋಗುತ್ತಾರೆ. ಯಾರ ಜಗಲಿಯಲ್ಲಾದರೂ ಕೂತುಕೊಳ್ಳಬಹುದು. ಮನೆಯವರು ಬಂದು ಯಾರು ಎಂತ ಎಂದು ಕೇಳುವುದಿಲ್ಲ. ಮಗುವಿನ ಕಣ್ಣಿಗೆ ಬಿಸಿಲು ಬೀಳದ ಹಾಗೆ ಒಂದು ಬಾಳೆ ಎಲೆ ತಂದು ಮರೆ ಹಿಡಿಯುತ್ತಾರೆ. ಅಂಥ ಊರು ನಮ್ಮದು.

ನಮ್ಮ ಸಮಿತಿಯ ಕಟ್ಟುಪಾಡುಗಳನ್ನು ಇಲ್ಲಿ ಹೇಳಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಒಂದು ದೇಶದ ಸಮಿತಿಗೆ ಮನ್ನಣೆ ಬೇಕಾದರೆ ಕಡಿಮೆಯೆಂದರೆ ಐದು ಆಟಗಳಿಗೆ ಐದು ಸಂಘಗಳಿರಬೇಕು ಎಂದು ಹೊರಗಿನ ಕಚೇರಿಯವರು ಬರೆದಿದ್ದರು. ನಮ್ಮಲ್ಲಿ ಐದು ಕೇರಿಗಳಿದ್ದವು, ಆದ್ದರಿಂದ ಕೇರಿಗೊಂದು ಆಟ ಹಂಚಿದೆವು. ಉಪ್ಪಿನ ಕೇರಿಯವರು ಮೂಟೆ ಹೊರುವವರು, ಅವರಿಗೆ ಭಾರ ಎತ್ತುವುದು. ಬಲೆ ಕೇರಿಯವರಿಗೆ ಈಜು. ಹಂಚಿನ ಕೇರಿಯವರಿಗೆ ದೋಣಿ, ಗಾಣದ ಕೇರಿಯವರಿಗೆ ಓಟ. ಟೇಬಲ್ ಟೆನಿಸ್ ದೀಪದ ಕೇರಿಗೆ ಹೋಯಿತು, ಏಕೆಂದರೆ ಇಡೀ ದ್ವೀಪದಲ್ಲಿ ಗಾಳಿ ಬೀಸದ ಜಾಗವೆಂದರೆ ದೀಪಸ್ತಂಭದ ಒಳಗಿನ ಕೋಣೆ ಒಂದೇ. ಪ್ರತಿ ಕೇರಿಯ ಮುಖ್ಯಸ್ಥರೇ ಆ ಸಂಘದ ಮುಖ್ಯಸ್ಥರು.

ಯಾವ ಕೇರಿಯ ಕಟ್ಟೆಗೆ ಬೆಳಗಿನ ಮೊದಲ ಬಿಸಿಲು ಬೀಳುತ್ತದೋ ಆ ಕೇರಿಯವರು ಸಮಿತಿಯ ಅಧ್ಯಕ್ಷರು. ಅಧ್ಯಕ್ಷರ ಕೊರಳಲ್ಲಿ ಒಂದು ಹಿತ್ತಾಳೆಯ ಪೀಪಿ ಇರುತ್ತದೆ. ಬಿಸಿಲು ಪಕ್ಕದ ಕೇರಿಯ ಕಟ್ಟೆಗೆ ಸರಿದ ದಿನ ಪೀಪಿಯನ್ನು ತೊಳೆದು, ಒಂದು ಎಳನೀರಿನ ಜೊತೆ ಅವರಿಗೆ ಕೊಟ್ಟುಬರುತ್ತಾರೆ. ಆಗ ಮುಳುಗುವ ಸೂರ್ಯನ ಕಡೆ ಇರುವ ಕೇರಿಗೆ ಎರಡು ಕೆಲಸ: ಸಭೆಗೆ ಚಹಾ ಮಾಡುವುದು, ಆಕ್ಷೇಪ ಎತ್ತುವುದು. ಚಹಾ ಕೊಟ್ಟವರ ಆಕ್ಷೇಪವನ್ನು ಯಾರೂ ಸಿಟ್ಟಿನಿಂದ ಕೇಳುವುದಿಲ್ಲವಾದ್ದರಿಂದ ಈ ಏರ್ಪಾಡು ಚೆನ್ನಾಗಿ ನಡೆದಿದೆ. ಅಧ್ಯಕ್ಷರ ಕಾಯಂ ವಿಳಾಸ ತಿಳಿಸಿ ಎಂದು ಹೊರಗಿನ ಕಚೇರಿಯಿಂದ ಪತ್ರ ಬಂದಾಗ ನಾನು "ಸೂರ್ಯನ ಎದುರು" ಎಂದು ಬರೆದು ಕಳಿಸಿದೆ. ಇಂದಿಗೂ ಅವರ ಪತ್ರಗಳು ಆ ವಿಳಾಸಕ್ಕೇ ಬರುತ್ತವೆ, ತಪ್ಪದೆ ಮುಟ್ಟುತ್ತವೆ.

ನಾಲ್ಕು ವರ್ಷಕ್ಕೊಮ್ಮೆ ಚಿಕ್ಕ ಚಿಕ್ಕ ದ್ವೀಪಗಳ ಆಟಗಾರರನ್ನು ಒಟ್ಟುಮಾಡಿಕೊಂಡು ಹೋಗಲು ಒಂದು ಹಡಗು ಬರುತ್ತದೆ. ನಮ್ಮಿಂದ ಒಬ್ಬರೇ ಆಟಗಾರರು, ಜೊತೆಗೊಬ್ಬರು ಹೋಗಬಹುದು. ಜೊತೆಗೆ ಹೋಗುವುದು ನನ್ನ ಪಾಲು, ಹೊರಗಿನವರ ಭಾಷೆ ನನಗೆ ಬರುತ್ತದೆಂದು. ಆಟಗಾರರ ಹೆಸರನ್ನು ಮೊದಲೇ ಹೇಳುವ ಪದ್ಧತಿ ಇಲ್ಲ. ಹಡಗು ಕಾಣಿಸಿದಾಗ ಪೀಪಿ ಯಾರ ಕೊರಳಲ್ಲಿದೆಯೋ ಅವರು ಊದಿ, ಹೆಸರು ಹೇಳಬೇಕು. ಹೇಳಿದ ಮೇಲೆ ಬದಲಿಲ್ಲ. ಇದರ ಜೊತೆ ಎಲ್ಲಿಯೂ ಬರೆದಿಡದ ಇನ್ನೊಂದು ಮಾತಿದೆ: ಅಧ್ಯಕ್ಷರು ತಮ್ಮ ಕೇರಿಯವರ ಹೆಸರನ್ನು ಹೇಳುವುದಿಲ್ಲ. ಬಡಿಸುವವರು ಮೊದಲು ಪಕ್ಕದವರ ಎಲೆಗೆ ಬಡಿಸುತ್ತಾರಲ್ಲ, ಅಷ್ಟು ಸಹಜವಾಗಿ ಅದು ನಡೆದುಬಂದಿದೆ. ಯಾರೂ ಮುರಿದದ್ದನ್ನು ನಾನು ಕಂಡಿಲ್ಲ.

ಈ ಮಾತಿನಿಂದ ಎಲ್ಲರಿಗಿಂತ ಹೆಚ್ಚು ನೊಂದವಳು ಬಲೆ ಕೇರಿಯ ತಾರಿಣಿ. ಅವಳಷ್ಟು ವೇಗವಾಗಿ ಈಜುವವರು ನಮ್ಮಲ್ಲಿ ಹುಟ್ಟಿಲ್ಲ. ನಮ್ಮ ಈಜುಗಾರರಿಗೆ ಒಂದು ಚಾಳಿಯಿದೆ. ದಂಡೆಯಿಂದ ಹೊರಟವರು ಮರಳುವಷ್ಟರಲ್ಲಿ ಮೆಟ್ಟಿಲು ಸ್ವಲ್ಪ ಸರಿದಿರುತ್ತದೆ. ಆದ್ದರಿಂದ ಅವರು ಮೆಟ್ಟಿಲಿಗೆ ಗುರಿಯಿಡದೆ ಅದರ ಮುಂದಿನ ಜಾಗಕ್ಕೆ ಗುರಿಯಿಟ್ಟು ಈಜುತ್ತಾರೆ. ಹಿಂದೆ ನಮ್ಮಿಂದ ಹೋದ ಒಬ್ಬ ಹುಡುಗ ಹೊರದೇಶದ ಕೊಳದಲ್ಲಿ ಹಾಗೆಯೇ ಓರೆಯಾಗಿ ಈಜಿ, ಹಗ್ಗಕ್ಕೆ ತಲೆ ಬಡಿಸಿಕೊಂಡು, ಪಕ್ಕದ ಸಾಲಿನವನ ಕ್ಷಮೆ ಕೇಳುತ್ತ ನಿಂತುಬಿಟ್ಟಿದ್ದ. ತಾರಿಣಿ ಮಾತ್ರ ದೀಪದ ಕೇರಿಯ ದಂಡೆಯಲ್ಲಿ ತೇಲಬಿಟ್ಟ ಎರಡು ಬಿದಿರಿನ ಗಳಗಳ ನಡುವೆ ದಿನವೂ ಈಜಿ ಈಜಿ ನೇರ ಹೋಗುವುದನ್ನು ಕಲಿತಿದ್ದಳು. ಆದರೆ ಕಳೆದ ಎರಡು ಸಲವೂ ಹಡಗು ಬಂದಾಗ ಬಿಸಿಲು ಬಿದ್ದಿದ್ದು ಬಲೆ ಕೇರಿಯ ಕಟ್ಟೆಗೆ. ಪೀಪಿ ಇದ್ದದ್ದು ಅವಳ ಅಜ್ಜಿ ಅಕ್ಕಮ್ಮನ ಕೊರಳಲ್ಲಿ. ಅಕ್ಕಮ್ಮ ಎರಡು ಸಲವೂ ಪೀಪಿ ಊದಿ, ಬೇರೆ ಕೇರಿಯ ಹೆಸರು ಹೇಳಿ, ಮನೆಗೆ ಹೋಗಿ ಬಾಗಿಲು ಹಾಕಿಕೊಂಡಿದ್ದಳು. ಎರಡು ಸಲವೂ ಬಾಗಿಲು ತಟ್ಟಿ ಅಜ್ಜಿಗೆ ಗಂಜಿ ಕುಡಿಸಿದವಳು ತಾರಿಣಿಯೇ.

ಈಗ ಅವಳು ಮೂವತ್ತರ ಹತ್ತಿರ ಬಂದಿದ್ದಳು. ಎಡಭುಜ ನೋಯುತ್ತದೆಂದು ನನ್ನೊಬ್ಬಳ ಬಳಿ ಹೇಳಿದ್ದಳು. ಇದೇ ಕೊನೆಯ ಸಲವೆಂದು ಅವಳಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು. ಈ ಸಲವೂ ಹಡಗು ಬರುವ ಹೊತ್ತಿಗೆ ಬಿಸಿಲು ಉಪ್ಪಿನ ಕೇರಿಯನ್ನು ದಾಟಿ ಬಲೆ ಕೇರಿಗೇ ಬರುವುದಿತ್ತು. ಬೇರೆ ಕೇರಿಗಳಲ್ಲಿ ಆಟಕ್ಕೆ ತಯಾರಾದವನು ಒಬ್ಬನೇ, ಅಕ್ಕಮ್ಮ ಹೇಳಬಹುದಾಗಿದ್ದ ಹೆಸರೂ ಒಂದೇ: ಉಪ್ಪಿನ ಕೇರಿಯ ಉಮಾನಾಥ. ಅಲ್ಲಿನ ಮುಖ್ಯಸ್ಥ ದೂಮಪ್ಪನ ತಂಗಿಯ ಮಗ ಅವನು. ಇಪ್ಪತ್ತೆರಡರ ಪ್ರಾಯ, ಬಾಗಿಲಲ್ಲಿ ಓರೆಯಾಗಿ ನುಗ್ಗಬೇಕಾದ ಮೈ, ಎರಡು ಮೂಟೆ ಉಪ್ಪನ್ನು ಒಟ್ಟಿಗೆ ತಲೆಯ ಮೇಲೆತ್ತುತ್ತಿದ್ದ. ಭಾರ ಎತ್ತುವ ಕಬ್ಬಿಣದ ಬಿಲ್ಲೆಗಳಿಗೆ ಉಪ್ಪುಗಾಳಿಯಲ್ಲಿ ತುಕ್ಕು ಹಿಡಿಯದಂತೆ ದಿನವೂ ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದ. ಉಳಿದ ಎಣ್ಣೆಯನ್ನು ತಾರಿಣಿಯ ಭುಜಕ್ಕೆಂದು ಒಂದು ಸೀಸೆಯಲ್ಲಿ ಹಾಕಿ ಕಳಿಸುತ್ತಿದ್ದ. ಅಂದರೆ ಭುಜದ ವಿಷಯ ನನ್ನೊಬ್ಬಳಿಗೇ ಗೊತ್ತಿದ್ದದ್ದಲ್ಲ.

ಆಗ ದ್ವೀಪ ನಿಂತುಬಿಟ್ಟಿತು.

ಮೊದಲು ಗೊತ್ತಾದದ್ದು ಹಂಚಿನ ಕೇರಿಯವರಿಗೆ. ಒಣಗಲು ಇಟ್ಟ ಹಂಚಿನ ಮೇಲಿನ ನೆರಳು ಎಷ್ಟು ದಿನವಾದರೂ ಸರಿಯಲಿಲ್ಲ. ಉಪ್ಪಿನ ಕೇರಿಯ ಅಡಿಯಲ್ಲಿ ಮರಳಿನ ದಿಬ್ಬಕ್ಕೆ ದ್ವೀಪ ಸಿಕ್ಕಿಕೊಂಡಿದೆ ಎಂದು ಮುಳುಗಿ ನೋಡಿ ಬಂದು ಹೇಳಿದವಳು ತಾರಿಣಿ. ಮೊದಮೊದಲು ಜನ ತಮಾಷೆ ಮಾಡಿಕೊಂಡರು. ಗಾಣದ ಕೇರಿಯ ಹೆಂಗಸರು ಒಂದೇ ಕಡೆ ಹಪ್ಪಳ ಹಾಕಬಹುದೆಂದು ಖುಷಿಪಟ್ಟರು. ದೂಮಪ್ಪ ದಾರಿಯಲ್ಲಿ ಸಿಕ್ಕರೆ ದೀಪದ ಕೇರಿಯ ಮುಖ್ಯಸ್ಥ ಲಾರೆನ್ಸ್ ಕೈಮುಗಿದು, "ನಮಸ್ಕಾರ, ಆಜೀವ ಅಧ್ಯಕ್ಷರೇ!" ಎನ್ನುತ್ತಿದ್ದ. ಆಗ ಪೀಪಿ ದೂಮಪ್ಪನ ಕೊರಳಲ್ಲಿತ್ತು. ಅವನು ಮಾತು ಕಡಿಮೆಯ ಮನುಷ್ಯ, ಹುಬ್ಬಿನ ಮೇಲೆ ಸದಾ ಉಪ್ಪಿನ ಪುಡಿ. "ನೀನು ಬೇಕಾದರೆ ಕೊರಳಿಗೆ ಹಾಕಿಕೊ ಮಾರಾಯ, ಬೆವರಿಗೆ ನನಗೆ ತುರಿಸ್ತದೆ" ಎನ್ನುತ್ತಿದ್ದ.

ಆದರೆ ದ್ವೀಪ ನಿಂತದ್ದರಿಂದ ಲೆಕ್ಕ ಬದಲಾಗಿತ್ತು. ಹಡಗು ಬರುವ ತನಕ ಹೀಗೆಯೇ ನಿಂತಿದ್ದರೆ ಪೀಪಿ ದೂಮಪ್ಪನ ಬಳಿಯೇ ಉಳಿಯುತ್ತದೆ. ಅವನು ತನ್ನ ಕೇರಿಯ ಉಮಾನಾಥನ ಹೆಸರು ಹೇಳುವಂತಿಲ್ಲ. ತಾರಿಣಿಯ ಹೆಸರು ಹೇಳಬಹುದು. ಇದನ್ನು ಯಾರೂ ಬಾಯಿಬಿಟ್ಟು ಆಡಲಿಲ್ಲ. ತಾರಿಣಿ ಮಾತ್ರ ಬೆಳಿಗ್ಗೆಯೂ ಸಂಜೆಯೂ ನೀರಿಗಿಳಿಯತೊಡಗಿದಳು. ಅವಳು ಹಾದುಹೋಗುವಾಗ ಜನ ಬೇರೇನೋ ಕೆಲಸ ಇದ್ದವರಂತೆ ನಗುತ್ತಿದ್ದರು. ಉಮಾನಾಥ ಎಣ್ಣೆ ಕಳಿಸುವುದನ್ನು ನಿಲ್ಲಿಸಲಿಲ್ಲ.

ಬಾವಿ ಉಪ್ಪಾಗತೊಡಗಿದ್ದು ಆಮೇಲೆ. ದ್ವೀಪ ತಿರುಗುತ್ತಿದ್ದರಷ್ಟೇ ನಮ್ಮ ಬಾವಿ ಸಿಹಿ ಎಂಬುದು ನಮಗೆ ಯಾರಿಗೂ ಗೊತ್ತಿರಲಿಲ್ಲ. ಮೊದಲು ನನ್ನ ಚಹಾ ಒಡೆಯಿತು. ನಂತರ ಶಾಲೆಯ ಮಕ್ಕಳಿಗೆ ಹೊಟ್ಟೆ ಕೆಟ್ಟಿತು. ಇದ್ದ ಎಳನೀರನ್ನೆಲ್ಲ ಮಕ್ಕಳಿಗೂ ಬಾಣಂತಿಯರಿಗೂ ಎಂದು ತೆಗೆದಿಟ್ಟೆವು. ದೊಡ್ಡವರು ಗಂಜಿಗೆ ಉಪ್ಪು ಹಾಕುವುದನ್ನು ಬಿಟ್ಟೆವು, ಹಾಕಬೇಕಾದ ಅಗತ್ಯವೇ ಇರಲಿಲ್ಲ. ಹಡಗು ಬರಲು ಇನ್ನೂ ಎರಡು ವಾರವಾದರೂ ಇತ್ತು.

ಸಮಿತಿ ನನ್ನ ಜಗಲಿಯಲ್ಲಿ ಸೇರಿತು. ಒಲಿಂಪಿಕ್ ಸಮಿತಿಗೂ ಬಾವಿಗೂ ಏನು ಸಂಬಂಧವೆಂದು ಹೊರಗಿನವರು ಕೇಳಿಯಾರು. ಐದು ಕೇರಿಗಳ ಮುಖ್ಯಸ್ಥರು ಒಟ್ಟಿಗೆ ಕೂರುವ ಸಭೆ ನಮ್ಮಲ್ಲಿ ಇದೊಂದೇ, ಆದ್ದರಿಂದ ಎಲ್ಲ ವಿಷಯವೂ ಇಲ್ಲಿಗೇ ಬರುತ್ತದೆ. ಆಟಗಾರರ ಪರವಾಗಿ ತಾರಿಣಿಯೂ ಬಂದು ಕಂಬಕ್ಕೊರಗಿ ಕೂತಿದ್ದಳು. ಲಾರೆನ್ಸ್ ಚಹಾ ತಂದ. ದೀಪದ ಕೇರಿ ಆಗ ಮುಳುಗುವ ಸೂರ್ಯನ ಕಡೆಗಿತ್ತು. ಚಹಾ ಉಪ್ಪಾಗಿತ್ತು. ಎಲ್ಲರೂ ಕುಡಿದರು.

"ನನ್ನ ಅಮ್ಮನ ಕಾಲದಲ್ಲಿ ಹೀಗೇ ಒಂದು ಸಲ ಆಗಿತ್ತಂತೆ," ಎಂದಳು ಅಕ್ಕಮ್ಮ. "ಸಿಕ್ಕಿಕೊಂಡ ಕಡೆಗೆ ಎದುರು ದಂಡೆಯಲ್ಲಿ ಊರಿಗೆ ಊರೇ ಹೋಗಿ ನಿಂತರಂತೆ. ಆ ಕಡೆ ತಗ್ಗಿ, ಈ ಕಡೆ ಎದ್ದು, ಬಿಟ್ಟುಕೊಂಡಿತಂತೆ. ಬಿಟ್ಟ ಮೇಲೆ ನಿಂತ ದಿನಗಳದ್ದನ್ನೆಲ್ಲ ಒಂದೇ ದಿನ ತಿರುಗಿತಂತೆ."

"ಅಂದರೆ ದೀಪದ ಕೇರಿಯಲ್ಲಿ ನಿಲ್ಲಬೇಕು," ಎಂದ ಲಾರೆನ್ಸ್. "ಬನ್ನಿ ಬನ್ನಿ. ಆದರೆ ಎಲ್ಲರೂ ಒಟ್ಟಿಗೆ ನನ್ನ ಅಂಗಳ ಮೆಟ್ಟಿದರೆ ನನ್ನ ಬದನೆ ಗಿಡದ ಗತಿ ಎಂತ, ಅದು ನನ್ನ ಆಕ್ಷೇಪ."

ಯಾರೂ ನಗಲಿಲ್ಲ. ಒಂದೇ ದಿನ ತಿರುಗಿದರೆ ಬಿಸಿಲು ಎಲ್ಲಿಗೆ ಬರುತ್ತದೆಂದು ಎಲ್ಲರ ಮನಸ್ಸಿನಲ್ಲೂ ಇತ್ತು. ಗಾಣದ ಕೇರಿಯ ಮುಖ್ಯಸ್ಥರು ಮೆಲ್ಲಗೆ, "ಎರಡು ವಾರ ತಾನೇ. ಹೇಗಾದರೂ ಕಾಯಬಹುದಿತ್ತೋ ಏನೋ" ಎಂದರು. ಒಳ್ಳೆಯ ಮನಸ್ಸಿನಿಂದಲೇ ಅಂದರು. ಅವರ ಮೊಮ್ಮಗುವಿಗೂ ಹೊಟ್ಟೆ ಕೆಟ್ಟಿತ್ತು.

ತಾರಿಣಿ ಲೋಟ ಕೆಳಗಿಟ್ಟಳು. "ಮಕ್ಕಳು ಉಪ್ಪುನೀರು ಕುಡೀತಾ ಇದ್ದಾರೆ. ನಾನು ಈಜ್ಲಿಕ್ಕೆ ಅವರು ಕುಡೀಬೇಕಾ? ನಾಳೆಯೇ ನಿಲ್ಲುವಾ" ಎಂದಳು. ಸ್ವರ ಸ್ವಲ್ಪ ಗಡುಸಾಗಿತ್ತು. ಅಕ್ಕಮ್ಮ ಮೊಮ್ಮಗಳ ಕಡೆ ನೋಡದೆ ಅವಳ ಕಾಲಿನ ಮೇಲಿದ್ದ ಮರಳನ್ನು ಸೆರಗಿನಿಂದ ಒರೆಸಿದಳು.

ದೂಮಪ್ಪ ಪೀಪಿಯನ್ನು ಬೆರಳಲ್ಲಿ ಉಜ್ಜಿ ಮತ್ತೆ ಎದೆಯ ಮೇಲೆ ಬಿಟ್ಟ. "ಬರಕೊಳ್ಳಿ ಟೀಚರ್. ನಾಳೆ ಬೆಳಿಗ್ಗೆ ಎಲ್ಲರೂ ದೀಪದ ಕೇರಿ" ಎಂದ.

ಮರುದಿನ ಬೆಳಿಗ್ಗೆ ಊರೆಲ್ಲ ಹೊರಟಿತು. ಉತ್ಸವದ ಗದ್ದಲವಿರಲಿಲ್ಲ, ಜಗಳವೂ ಇರಲಿಲ್ಲ. ಹಾಸಿಗೆ ಹಿಡಿದವರನ್ನು ಬೆಂಚಿನ ಮೇಲೆ ಮಲಗಿಸಿ ತಂದರು. ಆಡುಗಳನ್ನು ತಂದರು. ಹಂಚಿನ ಕೇರಿಯವರು ಕೈಗೆ ಸಿಕ್ಕಷ್ಟು ಹಂಚು ಹೊತ್ತು ಬಂದರು. ನನ್ನ ನೋಯುವ ಮೊಣಕಾಲು ನೋಡಿ ಯಾರೋ ಒಂದು ಕೋಲು ಕೊಟ್ಟರು. ಅದು ಯಾರದೆಂದು ಇಂದಿಗೂ ಗೊತ್ತಾಗಿಲ್ಲ. ಲಾರೆನ್ಸ್ ಮುಂಚೆಯೇ ಬದನೆ ಗಿಡಗಳನ್ನು ಕುಂಡಗಳಿಗೆ ಎತ್ತಿಟ್ಟು ಅಂಗಳ ಖಾಲಿ ಮಾಡಿದ್ದ. ಬಿಸಿಲಿಗೆ ನಿಲ್ಲುವವರಿಗೆಂದು ಹಳೆಯ ಹಾಯಿಯೊಂದನ್ನು ಕಟ್ಟಿದ್ದ. "ಆಕ್ಷೇಪ ಹಿಂದಕ್ಕೆ ತಗೊಂಡಿದ್ದೇನೆ, ಬರಕೊಳ್ಳಿ" ಎಂದು ನನಗೆ ಕೂಗಿ ಹೇಳಿದ.

ಉಮಾನಾಥ ತನ್ನ ಕಬ್ಬಿಣವನ್ನೆಲ್ಲ ಹೊತ್ತು ತಂದ. ಬಿಲ್ಲೆಗಳನ್ನು ಸರಳಿಗೆ ಪೋಣಿಸಿ ಹೆಗಲ ಮೇಲಿಟ್ಟು, ದ್ವೀಪದ ಈ ತುದಿಯಿಂದ ಆ ತುದಿಗೆ ಹಲವು ಸಲ ನಡೆದ. ಕೊನೆಯ ಸರಳನ್ನು ಕೆಳಗಿಡಲು ಜಾಗವಿಲ್ಲದೆ ಹೆಗಲ ಮೇಲೆಯೇ ಹೊತ್ತು ನೀರಿನ ಅಂಚಿನಲ್ಲಿ ನಿಂತ. ಅದೆಲ್ಲ ಅವನ ಮಟ್ಟಿಗೆ ಒಳ್ಳೆಯದೇ ಆಗಿತ್ತು, ದ್ವೀಪ ತಿರುಗಿದರೆ ಹೋಗುವವನು ಅವನೇ. ಆದರೂ ಅವನ ಮುಖದಲ್ಲಿ ಗೆಲುವಿರಲಿಲ್ಲ.

ಎಲ್ಲರೂ ನಿಂತಾಯಿತು. ದಂಡೆ ತಗ್ಗಿತು, ಮೆಟ್ಟಿಲಿನ ಮೇಲಿದ್ದ ನೀರು ನಮ್ಮ ಪಾದದ ತನಕ ಬಂತು. ಕಾಲಡಿಯಲ್ಲಿ ದೂರದಿಂದ ಮರಳು ಕರಕರ ಎಂದು ಉಜ್ಜಿದ ಸದ್ದು ಕೇಳಿತು. ಸದ್ದು ನಿಂತಿತು. ದ್ವೀಪ ಕದಲಲಿಲ್ಲ.

"ಯಾರು ಬರಲಿಲ್ಲ?" ಎಂದು ಹಿಂದಿನಿಂದ ಯಾರೋ ಕೇಳಿದರು. "ಇನ್ನು ಒಂದು ಚೂರು ಸಾಕಿತ್ತು. ಒಬ್ಬರು ಇದ್ದಿದ್ದರೆ ಸಾಕಿತ್ತು."

ಆಗ ನಾನು ನೋಡಿದೆ. ದಂಡೆಯಿಂದ ಸ್ವಲ್ಪ ದೂರದಲ್ಲಿ, ಬಿದಿರಿನ ಗಳಗಳ ನಡುವೆ, ತಾರಿಣಿಯ ತಲೆ ಕಾಣುತ್ತಿತ್ತು. ಅವಳು ಎಂದಿನಂತೆ ಬೆಳಿಗ್ಗೆಯೇ ನೀರಿಗಿಳಿದಿದ್ದಳು. ನೀರಿನಲ್ಲಿರುವವರ ಭಾರ ದ್ವೀಪಕ್ಕಿಲ್ಲ. ಅವಳಿಗೂ ಮರಳು ಉಜ್ಜಿದ ಸದ್ದು ಕೇಳಿರಬೇಕು. ಕೈಬೀಸುವುದನ್ನು ನಿಲ್ಲಿಸಿ, ಮೆಲ್ಲಗೆ ಮೇಲಕ್ಕೂ ಕೆಳಕ್ಕೂ ತೇಲುತ್ತ, ನಮ್ಮನ್ನೆಲ್ಲ ನೋಡುತ್ತಿದ್ದಳು.

ಅವಳು ಅಲ್ಲಿಯೇ ಇದ್ದರೆ ಸಾಕಿತ್ತು, ಪೀಪಿ ದೂಮಪ್ಪನ ಬಳಿಯೇ ಉಳಿಯುತ್ತಿತ್ತು. ಏನೂ ಮಾಡಬೇಕಾಗಿರಲಿಲ್ಲ. ದಂಡೆಯ ಮೇಲಿದ್ದವರೆಲ್ಲ ಒಬ್ಬೊಬ್ಬರಾಗಿ ಅವಳನ್ನು ಕಂಡರು. ಯಾರೂ ಕರೆಯಲಿಲ್ಲ. ಮಗುವನ್ನು ಎತ್ತಿಕೊಂಡಿದ್ದ ತಾಯಂದಿರೂ ಕರೆಯಲಿಲ್ಲ. ಅಕ್ಕಮ್ಮ ಕಣ್ಣು ಮುಚ್ಚಿಕೊಂಡು ನಿಂತಿದ್ದಳು. ನನ್ನ ಬದುಕಿನಲ್ಲಿ ಅನೇಕ ಒಳ್ಳೆಯ ಮಾತುಗಳನ್ನು ಕೇಳಿದ್ದೇನೆ. ಊರಿಗೆ ಊರೇ ಬಾಯಿ ಮುಚ್ಚಿಕೊಂಡಿದ್ದ ಆ ಹೊತ್ತು ಅವೆಲ್ಲಕ್ಕಿಂತ ಹೆಚ್ಚು ನೆನಪಿದೆ.

ಸ್ವಲ್ಪ ಹೊತ್ತಿನ ಮೇಲೆ ಅವಳು ಮೆಟ್ಟಿಲಿನ ಕಡೆ ಈಜತೊಡಗಿದಳು. ಅವಸರವಿರಲಿಲ್ಲ, ನಿಧಾನವೂ ಅಲ್ಲ. ನೇರವಾಗಿ ಬಂದಳು.

ಅವಳ ಕೈ ಕೊನೆಯ ಮೆಟ್ಟಿಲನ್ನು ಮುಟ್ಟುವ ಮೊದಲು ಪೀಪಿಯ ಸದ್ದು ಕೇಳಿತು. ಎಲ್ಲರೂ ತಿರುಗಿದೆವು. ದೂಮಪ್ಪ ಕಟ್ಟೆಯ ಮೇಲೆ ಹತ್ತಿ ನಿಂತು, ಕೈಯನ್ನು ಹಣೆಗೆ ಅಡ್ಡ ಹಿಡಿದು ಸಮುದ್ರ ನೋಡುತ್ತಿದ್ದ.

"ಹಡಗು ಕಾಣಿಸಿತು" ಎಂದ.

ನಾವು ನೋಡಿದೆವು. ಸಮುದ್ರದಲ್ಲಿ ಏನೂ ಇರಲಿಲ್ಲ. ಮೋಡವೂ ಇಲ್ಲ, ಮೀನಿನ ದೋಣಿಯೂ ಇಲ್ಲ. ನಮ್ಮ ದೋಣಿಗಳೆಲ್ಲ ಭಾರಕ್ಕೆಂದು ದಂಡೆಯ ಮೇಲಿದ್ದವು. ತೊಳೆದಿಟ್ಟ ತಟ್ಟೆಯಂತೆ ನೀರು ಹೊಳೆಯುತ್ತಿತ್ತು.

"ಎಲ್ಲಿ?" ಎಂದು ಲಾರೆನ್ಸ್ ಕೇಳಲು ಬಾಯಿ ತೆರೆದು, ಮುಚ್ಚಿದ.

ದೂಮಪ್ಪ ಯಾರ ಕಡೆಗೂ ನೋಡಲಿಲ್ಲ. ತಂಗಿಯ ಮಗ ಅವನ ಕೆಳಗೇ, ಕಬ್ಬಿಣ ಹೊತ್ತು ನಿಂತಿದ್ದ. ಅವನ ಕಡೆಗಂತೂ ನೋಡಲೇ ಇಲ್ಲ.

ಆಗ ಉಮಾನಾಥ ಹೆಗಲ ಮೇಲಿನ ಸರಳನ್ನು ಸ್ವಲ್ಪ ಸರಿಮಾಡಿಕೊಂಡು, ಕಣ್ಣು ಕಿರಿದು ಮಾಡಿ ಬರಿಯ ನೀರನ್ನು ನೋಡಿದ. ನೋಡಿ, "ಹೌದು ಮಾವ. ನನಗೂ ಕಾಣ್ತಾ ಉಂಟು. ದೊಡ್ಡ ಹಡಗು" ಎಂದ.

ಆಮೇಲೆ ಎಲ್ಲರಿಗೂ ಕಾಣಿಸಿತು. "ಓ, ಅಲ್ಲಿ!" ಎಂದ ಲಾರೆನ್ಸ್, ದೀಪಸ್ತಂಭ ಕಾಯುವವನ ಗತ್ತಿನಲ್ಲಿ. "ಹೊಗೆ ಬರ್ತಾ ಉಂಟಲ್ಲ" ಎಂದರು ಗಾಣದ ಕೇರಿಯವರು. ಮಕ್ಕಳಿಗೆ ನಿಜವಾಗಿಯೂ ಕಾಣಿಸಿತೋ ಏನೋ, ಅವರು ಕೈಬೀಸತೊಡಗಿದರು. ಅಕ್ಕಮ್ಮ ಕಣ್ಣು ತೆರೆದಳು, ಆದರೆ ಅವಳು ನೋಡಿದ್ದು ಸಮುದ್ರವನ್ನಲ್ಲ, ಉಮಾನಾಥನನ್ನು.

"ಬಲೆ ಕೇರಿಯ ತಾರಿಣಿ" ಎಂದ ದೂಮಪ್ಪ. "ಬರಕೊಳ್ಳಿ ಟೀಚರ್."

ನಾನು ಬರೆದುಕೊಂಡೆ. ಹಡಗು ಕಾಣಿಸಿತು, ಅಧ್ಯಕ್ಷರು ಹೆಸರು ಹೇಳಿದರು ಎಂದು ಬರೆದೆ.

ತಾರಿಣಿ ಸೊಂಟದ ತನಕ ನೀರಿನಲ್ಲಿ ನಿಂತು, ಕೂದಲಿನಿಂದ ನೀರು ಸುರಿಯುತ್ತಿರಲು, ಸಮುದ್ರವನ್ನೂ ನಮ್ಮನ್ನೂ ಮತ್ತೆ ಮತ್ತೆ ನೋಡಿದಳು. "ಎಲ್ಲಿ ಹಡಗು?" ಎಂದಳು. "ದೂಮಪ್ಪಣ್ಣ, ಎಲ್ಲಿ ಉಂಟು ಹಡಗು?"

"ನಿನ್ನ ಕಣ್ಣಲ್ಲಿ ಉಪ್ಪುನೀರು. ನಿನಗೆ ಕಾಣ್ಲಿಕ್ಕಿಲ್ಲ" ಎಂದ ದೂಮಪ್ಪ. "ಈಗ ಮೇಲೆ ಬಾ. ಮಕ್ಕಳಿಗೆ ಬಾಯಾರಿಕೆ."

ಉಮಾನಾಥ ಒಂದು ಕೈಯಲ್ಲಿ ಸರಳು ಹಿಡಿದುಕೊಂಡೇ ಇನ್ನೊಂದನ್ನು ಚಾಚಿದ. ಅವಳು ಅವನ ಕೈ ಹಿಡಿದು ಮೇಲೆ ಬಂದಳು. ಎರಡು ಪಾದಗಳೂ ಕಲ್ಲಿನ ಮೇಲೆ ಊರಿದವು. ಕಾಲಡಿಯಲ್ಲಿ ಮರಳು ಮತ್ತೆ ಉಜ್ಜಿತು, ದ್ವೀಪ ಮಲಗಿದ್ದ ಎಮ್ಮೆ ಏಳುವ ಹಾಗೆ ಒಮ್ಮೆ ಹಿಂದಕ್ಕೆ, ಒಮ್ಮೆ ಮುಂದಕ್ಕೆ ಓಲಾಡಿ ಬಿಟ್ಟುಕೊಂಡಿತು. ನಾವೆಲ್ಲ ಒಬ್ಬರ ಮೇಲೊಬ್ಬರು ಬಿದ್ದೆವು. ಲಾರೆನ್ಸನ ಬದನೆ ಕುಂಡಗಳು ಉರುಳಿದವು. ಆ ದಿನವಿಡೀ ಮನೆಗಳ ನೆರಳುಗಳು ಗೋಡೆಯಿಂದ ಗೋಡೆಗೆ ನಡೆದವು. ಮರುದಿನ ಬೆಳಿಗ್ಗೆ ಬಿಸಿಲು ಬಲೆ ಕೇರಿಯ ಕಟ್ಟೆಗೆ ಬಿತ್ತು. ದೂಮಪ್ಪ ಪೀಪಿಯನ್ನು ತೊಳೆದು, ಕೊನೆಗುಳಿದಿದ್ದ ಒಂದು ಎಳನೀರಿನ ಜೊತೆ ಅಕ್ಕಮ್ಮನಿಗೆ ಕೊಟ್ಟುಬಂದ. ಅವಳು ಅದನ್ನು ಹಾಗೆಯೇ ಶಾಲೆಯ ಮಕ್ಕಳಿಗೆ ಕಳಿಸಿದಳು. ಬಾವಿ ಸಿಹಿಯಾಗಲು ಕೆಲವು ದಿನ ಹಿಡಿಯಿತು.

ಹಡಗು ಅದರ ಸಮಯಕ್ಕೇ ಬಂತು. ಅದರಲ್ಲಿ ಬಂದ ಅಧಿಕಾರಿ ಯುವಕ, ಸಭ್ಯ. ನನ್ನ ಜಗಲಿಯಲ್ಲಿ ಕೂತು ಕಾಗದಗಳನ್ನು ನೋಡಿದ. ಹೆಸರು ಹೇಳಿದ ದಿನದ ಮೇಲೆ ಬೆರಳಿಟ್ಟು, "ಆ ದಿನ ಹಡಗು ಕಾಣಿಸಿತು ಎಂದಿದೆ. ಆಗ ನಾವು ನಮ್ಮ ಬಂದರನ್ನೇ ಬಿಟ್ಟಿರಲಿಲ್ಲವಲ್ಲ" ಎಂದ. ನಾನು ಅದನ್ನು ನಮ್ಮ ಮಾತಿನಲ್ಲಿ ಹೇಳಿದೆ.

ಅಧ್ಯಕ್ಷೆ ಅಕ್ಕಮ್ಮ ಪೀಪಿಯನ್ನು ಸೆರಗಿನೊಳಗೆ ಸರಿಸಿಕೊಂಡು, "ಅವರಿಗೆ ಗೊತ್ತಾಗಿರ್ಲಿಕ್ಕಿಲ್ಲ ಅಂತ ಹೇಳಿ. ನಮಗೆ ಚೆನ್ನಾಗಿಯೇ ಕಾಣ್ತಿತ್ತು" ಎಂದಳು.

ಅವನು ಅವಳನ್ನು ನೋಡಿದ, ಹೊರಗೆ ನಿಂತಿದ್ದ ಊರನ್ನು ನೋಡಿದ, ಸಹಿ ಹಾಕಿದ. ನಂತರ ಜೊತೆಗೆ ಹೋಗುವವರು ಯಾರೆಂದು ಕೇಳಿದ. ನನ್ನ ಮೊಣಕಾಲು ಸರಿಯಿಲ್ಲ, ಈ ಸಲ ಉಮಾನಾಥ ಹೋಗುತ್ತಾನೆ ಎಂದೆ. ಭಾಷೆ ಬಾರದಿದ್ದರೇನು, ಸಾಮಾನು ಎತ್ತಬಲ್ಲ ಎಂದೆ. ಮೊಣಕಾಲು ಎಂದಿಗಿಂತ ಹೆಚ್ಚೇನೂ ನೋಯುತ್ತಿರಲಿಲ್ಲ. ನನಗೆ ಆ ಕೋಲು ಕೊಟ್ಟವರು ಯಾರೋ, ಅವರ ಕೋಲನ್ನು ಊರಿಕೊಂಡೇ ದಂಡೆಯ ತನಕ ಹೋಗಿ ಇಬ್ಬರನ್ನೂ ಕಳಿಸಿಕೊಟ್ಟೆ. ತಾರಿಣಿಯ ಚೀಲದ ಜೊತೆಗೆ ಅವನು ಒಂದು ಸೀಸೆ ಎಣ್ಣೆಯನ್ನೂ ಹಿಡಿದುಕೊಂಡಿದ್ದ.

ಅವಳು ಅಲ್ಲಿ ಎಷ್ಟನೆಯವಳಾದಳು ಎಂದು ಕೇಳುವವರಿದ್ದಾರೆ. ಅವಳು ನೇರವಾಗಿ ಈಜಿದಳು, ಯಾವ ಹಗ್ಗಕ್ಕೂ ತಾಗಲಿಲ್ಲ; ತನ್ನ ಗುಂಪಿನಲ್ಲಿ ಅವಳ ಹಿಂದೆಯೂ ಇಬ್ಬರಿದ್ದರು. ಕಬ್ಬಿಣ ಇನ್ನೂ ದೀಪದ ಕೇರಿಯ ಅಂಗಳದಲ್ಲೇ ಇದೆ. ಹೊತ್ತುಕೊಂಡು ಹೋಗುವುದು ಬೇಡ, ನನ್ನ ಹಾಯಿಯ ನೆರಳಿನಲ್ಲೇ ಎತ್ತು ಎಂದು ಲಾರೆನ್ಸ್ ಉಮಾನಾಥನಿಗೆ ಹೇಳಿದ್ದಾನೆ. ಮುಂದಿನ ಹಡಗು ಬರುವಾಗ ಬಿಸಿಲು ಯಾವ ಕೇರಿಯಲ್ಲಿರುತ್ತದೋ ಯಾರೂ ಹೇಳಲಾರರು.

ಆ ದಿನ ಹಡಗು ಹೊರಟ ಮೇಲೆ ಜನ ಒಬ್ಬೊಬ್ಬರಾಗಿ ಮನೆಗೆ ಹೋದರು. ದೂಮಪ್ಪ ಮಾತ್ರ ಮೆಟ್ಟಿಲಿನ ಮೇಲೆ ನಿಂತೇ ಇದ್ದ. ನಾನು ಕೋಲೂರಿಕೊಂಡು ಅವನ ಪಕ್ಕ ನಿಂತೆ. ಹೊಗೆ ಕರಗಿತು. ಸಮುದ್ರ ಬರಿದಾಯಿತು. ಹುಬ್ಬಿನ ಮೇಲಿನ ಉಪ್ಪಿನ ಪುಡಿಯನ್ನು ಒರೆಸಿಕೊಂಡು ಅವನು ಕೈಯನ್ನು ಹಣೆಗೆ ಅಡ್ಡ ಹಿಡಿದ.

"ಇನ್ನೂ ಕಾಣ್ತಾ ಉಂಟು, ಅಲ್ವಾ ಟೀಚರ್?" ಎಂದ.

ನಾನೂ ಕೈಯನ್ನು ಹಣೆಗೆ ಹಿಡಿದು ನೋಡಿದೆ.

"ಹೌದು," ಎಂದೆ. "ಕಾಣ್ತಾ ಉಂಟು."